ಆಪರೇಷನ್ ಆದ ನಾಯಿಗೆ ಯಾವ ಕೋನ್? ಪ್ಲಾಸ್ಟಿಕ್, ಬಟ್ಟೆ, ಗಾಳಿ ಉಂಗುರ, ಅಂಗಿ: ಯಾವುದು ಯಾವಾಗ

ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದ ನಾಯಿಗೆ ಎರಡೇ ಕೆಲಸ. ಮಲಗುವುದು, ಎಚ್ಚರವಾದಾಗ ಗಾಯ ನೆಕ್ಕುವುದು. ಮೊದಲನೆಯದನ್ನು ಎಷ್ಟು ಮಾಡಿದರೂ ಒಳ್ಳೆಯದೇ. ಎರಡನೆಯದನ್ನು ಸಾಮಾನ್ಯವಾಗಿ 10ರಿಂದ 14 ದಿನ, ಅಂದರೆ ಹೊಲಿಗೆ ಬಿಚ್ಚುವವರೆಗೆ, ತಡೆಯಬೇಕು. ಅದಕ್ಕೇ ಡಾಕ್ಟರು ಬಾಯಿ ಗಾಯಕ್ಕೆ ತಲುಪದಂತೆ ಕತ್ತಿಗೆ ಕೋನ್ ಹಾಕಿ ಕಳಿಸುತ್ತಾರೆ, ಇಲ್ಲವೇ ಚೀಟಿಯಲ್ಲಿ ‘ಇ-ಕಾಲರ್’ (ಎಲಿಜಬೆತನ್ ಕಾಲರ್, ಅಂದರೆ ಇದೇ ಕೋನ್) ಎಂದು ಬರೆದುಕೊಡುತ್ತಾರೆ.

ಚೀಟಿ ಹಿಡಿದು ಅಂಗಡಿಗೆ ಹೋದರೆ ನಾಲ್ಕೈದು ನಮೂನೆ ಮುಂದಿಡುತ್ತಾರೆ. ಆನ್‌ಲೈನ್‌ನಲ್ಲಿ ಇನ್ನೂ ಜಾಸ್ತಿ. ಎಲ್ಲದರ ಪ್ಯಾಕೆಟ್ ಮೇಲೂ ಖುಷಿಯಾಗಿರುವ ನಾಯಿಯ ಚಿತ್ರ ಬೇರೆ. ನನ್ನ ಲೆಕ್ಕ ಸರಳ: ಗಾಯ ಎಲ್ಲಿದೆ ಅಂತ ನೋಡಿ ಆರಿಸಿ, ನಾಯಿಯ ಮುಖ ನೋಡಿ ಅಲ್ಲ. ನಾಲಿಗೆ, ಹಲ್ಲು, ಉಗುರು ಈ ಮೂರಕ್ಕೂ ಗಾಯ ಸಿಗಬಾರದು. ಅಷ್ಟು ಖಾತ್ರಿಯಾದ ಮೇಲೆ ಆರಾಮದ ಮಾತು. ಆ ಆರಾಮವನ್ನೂ ದುಬಾರಿ ಕೋನ್‌ನಲ್ಲಿ ಹುಡುಕುವುದಕ್ಕಿಂತ ಮನೆಯನ್ನು ಸ್ವಲ್ಪ ಹೊಂದಿಸಿ ಕೊಡುವುದು ಸುಲಭ.

“ನಾಯಿ ನೆಕ್ಕಿಕೊಂಡರೆ ಗಾಯ ತಾನಾಗೇ ವಾಸಿಯಾಗುತ್ತೆ, ಅದಕ್ಕೆ ಇದೆಲ್ಲ ಯಾಕೆ?” ಎಂದು ಮನೆಯಲ್ಲಿ ಹಿರಿಯರು ಯಾರಾದರೂ ಕೇಳಿಯೇ ಕೇಳುತ್ತಾರೆ. ನಾಯಿಯ ಎಂಜಲಿಗೆ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಅಷ್ಟಿಷ್ಟು ಇರುವುದು ನಿಜ. ಆದರೆ ಅದೇ ಬಾಯಲ್ಲಿ ಬೇರೆ ಬ್ಯಾಕ್ಟೀರಿಯಾಗಳೂ ಧಾರಾಳವಾಗಿವೆ. ಅದಕ್ಕಿಂತ ದೊಡ್ಡ ತೊಂದರೆ ಹೊಲಿಗೆಯದು. ಒರಟು ನಾಲಿಗೆ ಒಂದೇ ಜಾಗದಲ್ಲಿ ಆಡುತ್ತಿದ್ದರೆ ಚರ್ಮ ಮೆತ್ತಗಾಗುತ್ತದೆ, ದಾರ ಹಲ್ಲಿಗೆ ಸಿಗುತ್ತದೆ. ನೀವು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎರಡು ಮೂರು ಹೊಲಿಗೆ ಕಿತ್ತುಹಾಕುವುದು ನಾಯಿಗೆ ಕಷ್ಟವಲ್ಲ. ಮತ್ತೆ ಅರಿವಳಿಕೆ, ಮತ್ತೆ ಹೊಲಿಗೆ, ಮತ್ತೆ ಮೊದಲಿನಿಂದ ಎಣಿಕೆ.

ಪ್ಲಾಸ್ಟಿಕ್ ಕೋನ್

ಎಲ್ಲರೂ ನೋಡಿರುವ ಆಲಿಕೆ ಆಕಾರದ್ದು. ಇರುವುದರಲ್ಲಿ ಅಗ್ಗ, ತೊಳೆಯುವುದು ಸುಲಭ, ನಂಬಿಕೆಗೂ ಇದೇ ಮೊದಲು. ಚಪ್ಪಟೆ ಹಾಳೆಯಾಗಿ ಬರುತ್ತದೆ. ಸುತ್ತಿ, ಪಟ್ಟಿಗಳನ್ನು ಸೀಳಿನಲ್ಲಿ ತೂರಿಸಿ ಕೂಡಿಸಬೇಕು. ಕತ್ತಿನ ಕಡೆಯ ಅಂಚಿನಲ್ಲಿ ಚಿಕ್ಕ ಕುಣಿಕೆಗಳಿರುತ್ತವೆ. ಅವುಗಳೊಳಗೆ ನಾಯಿಯ ಮಾಮೂಲಿ ಬೆಲ್ಟ್ ಅಥವಾ ಬ್ಯಾಂಡೇಜ್ ಬಟ್ಟೆ ತೂರಿಸಿ ಕಟ್ಟಬೇಕು. ಬಹಳ ಜನ ಈ ಕುಣಿಕೆಗಳ ಗೋಜಿಗೇ ಹೋಗುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಕೋನ್ ಒಂದು ಮೂಲೆಯಲ್ಲಿ, ನಾಯಿ ಇನ್ನೊಂದು ಮೂಲೆಯಲ್ಲಿ.

ತೊಂದರೆಗಳೂ ಕಡಿಮೆ ಇಲ್ಲ. ಬಾಗಿಲಿಗೆ, ಕುರ್ಚಿಗೆ, ನಿಮ್ಮ ಮೊಣಕಾಲಿನ ಹಿಂಬದಿಗೆ ಬಡಿಯುತ್ತದೆ. ಪಕ್ಕದ ನೋಟ ಮಂಕಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಆದರೆ ಬೆಳಕು, ಓಡಾಟ ಅಷ್ಟಾದರೂ ತಿಳಿಯುತ್ತದೆ, ಬಣ್ಣದ್ದಾದರೆ ಅದೂ ಇಲ್ಲ. ಹಾಗಾಗಿ ಕೊಳ್ಳುವುದಾದರೆ ಪಾರದರ್ಶಕವಾದದ್ದನ್ನೇ ಕೊಳ್ಳಿ. 2020ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಕೋನ್ ಹಾಕಿದ ನಾಯಿ ಬೆಕ್ಕುಗಳನ್ನು ಸಾಕಿದ 400ಕ್ಕೂ ಹೆಚ್ಚು ಜನರನ್ನು ಕೇಳಿದರು. ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ, ಕೋನ್ ಇದ್ದಷ್ಟು ದಿನ ಪ್ರಾಣಿಯ ನೆಮ್ಮದಿ ಕೆಟ್ಟಿತ್ತು ಎಂದೇ ಹೇಳಿದರು. ತಿನ್ನುವುದು, ಕುಡಿಯುವುದು, ಆಡುವುದು ಎಲ್ಲಕ್ಕೂ ಅಡ್ಡಿ. ಅಂದರೆ ನಿಮ್ಮ ನಾಯಿ ನಾಟಕ ಮಾಡುತ್ತಿಲ್ಲ, ಅದಕ್ಕೆ ನಿಜವಾಗಿಯೂ ಕಷ್ಟವಾಗುತ್ತಿದೆ. ಕಷ್ಟ ಅಂತ ತೆಗೆದುಬಿಡುವ ಹಾಗೂ ಇಲ್ಲ.

ಬಟ್ಟೆಯ ಮೆತ್ತನೆ ಕೋನ್

ಅದೇ ಆಕಾರ, ಒಳಗೆ ಸ್ಪಂಜು, ಹೊರಗೆ ನೈಲಾನ್ ಬಟ್ಟೆ. ಬಡಿದರೆ ಸದ್ದಿಲ್ಲ, ಮಲಗುವಾಗ ಮಡಚಿಕೊಳ್ಳುತ್ತದೆ, ನಾಯಿ ಬೇಗ ಒಪ್ಪುತ್ತದೆ. ಆ ಮಡಚಿಕೊಳ್ಳುವ ಗುಣವೇ ಅದರ ದೋಷವೂ ಹೌದು. ಗಟ್ಟಿ ಮನಸ್ಸಿನ ನಾಯಿ ಕೋನ್ ಅನ್ನು ತೊಡೆಗೆ ಒತ್ತಿ ಬಗ್ಗಿಸಿ ಗಾಯ ಮುಟ್ಟುವುದನ್ನು ಒಂದೇ ದಿನದಲ್ಲಿ ಕಲಿಯುತ್ತದೆ. ಬಟ್ಟೆ ಪಾರದರ್ಶಕ ಅಲ್ಲದ ಕಾರಣ ಪಕ್ಕದಲ್ಲಿ ಏನೂ ಕಾಣುವುದಿಲ್ಲ. ನೀರು ಕುಡಿದಾಗಲೆಲ್ಲ ಅಂಚು ಒದ್ದೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆ ಇದು ಒಣಗುವುದೇ ಇಲ್ಲ, ಮುಗ್ಗಲು ವಾಸನೆ ಹಿಡಿಯುತ್ತದೆ. ಕೊಳ್ಳುವುದಾದರೆ ಒಳಗೆ ಗಟ್ಟಿ ಕಡ್ಡಿಗಳಿರುವುದನ್ನು ನೋಡಿ. ಸಾಧು ಸ್ವಭಾವದ, ವಯಸ್ಸಾದ ನಾಯಿಗೆ ಇದು ಸಾಕು.

ಗಾಳಿ ತುಂಬುವ ಉಂಗುರ

ಬಸ್ ಪ್ರಯಾಣದಲ್ಲಿ ಕತ್ತಿಗೆ ಹಾಕಿಕೊಳ್ಳುವ ದಿಂಬಿನ ಹಾಗಿರುತ್ತದೆ. ನೋಡಲು ಮುದ್ದು. ನಾಯಿಗೆ ಪೂರ್ತಿ ಕಾಣುತ್ತದೆ, ತಟ್ಟೆಗೆ ಬಾಯಿ ಹಾಕುತ್ತದೆ, ಅದರ ಮೇಲೇ ತಲೆಯಿಟ್ಟು ಮಲಗುತ್ತದೆ. ಕತ್ತು ತಿರುಗಿಸದಂತೆ ತಡೆಯುವುದಷ್ಟೇ ಇದರ ಕೆಲಸ. ಹಾಗಾಗಿ ಕತ್ತು ಗಿಡ್ಡ, ಮೈ ದಪ್ಪ ಇರುವ ನಾಯಿಗೆ ಎದೆ, ಬೆನ್ನು, ಹೊಟ್ಟೆಯ ಗಾಯಕ್ಕೆ ನಡೆಯುತ್ತದೆ. ಪಾದ, ಹಿಂಗಾಲು, ಬಾಲಕ್ಕೆ ಇದು ಏನೂ ಅಲ್ಲ. ಕಣ್ಣು ಕಿವಿಗಂತೂ ಬೇಡವೇ ಬೇಡ. ಸಣ್ಣ ಉಗುರು ತಾಗಿದರೂ ರಾತ್ರಿಯೊಳಗೆ ಗಾಳಿ ಇಳಿದಿರುತ್ತದೆ. ನಮ್ಮ ಬೀದಿ ತಳಿಯ ನಾಯಿಗಳ ಮೈ ಬಳುಕುವ ರೀತಿ ನೋಡಿದವರಿಗೆ ಗೊತ್ತು, ಈ ಉಂಗುರ ಹಾಕಿಕೊಂಡೇ ಬಾಲದ ಬುಡ ನೆಕ್ಕುತ್ತವೆ. ಜನ ಅತಿ ಹೆಚ್ಚು ಆಸೆಪಟ್ಟು ಕೊಂಡು, ಅತಿ ಬೇಗ ಮೂಲೆಗೆ ಎಸೆಯುವುದು ಇದನ್ನೇ ಎಂದು ನನಗನಿಸುತ್ತದೆ.

ಅಂಗಿ, ರಿಕವರಿ ಸೂಟ್

ಹೆಣ್ಣು ನಾಯಿಗೆ ಮಕ್ಕಳಾಗದ ಆಪರೇಷನ್ ಆಗಿದ್ದರೆ ನಾನು ಗಟ್ಟಿಯಾಗಿ ಹೇಳುವ ಆಯ್ಕೆ ಇದು. ಹೊಟ್ಟೆ ನಡುವಿನ ಗಾಯವನ್ನು ಹತ್ತಿ ಬಟ್ಟೆ ಪೂರ್ತಿ ಮುಚ್ಚುತ್ತದೆ. ತಲೆ ಸ್ವತಂತ್ರ. ಊಟ, ನಿದ್ದೆ, ಓಡಾಟ ಎಲ್ಲ ಮಾಮೂಲು. ಸೂಟ್ ಸಿಗದಿದ್ದರೆ ಮಕ್ಕಳ ಹಳೆ ಟೀ ಶರ್ಟ್ ಸಾಕು. ಮುಂಗಾಲನ್ನು ತೋಳಿನಲ್ಲಿ ತೂರಿಸಿ, ಸೊಂಟದ ಹತ್ತಿರ ಬಟ್ಟೆ ಒಟ್ಟುಮಾಡಿ ಬೆನ್ನ ಮೇಲೆ ಗಂಟು ಹಾಕಿ. ಗಂಟು ಹೊಟ್ಟೆಯ ಕಡೆ ಬರಬಾರದು.

ಮೂರು ಎಚ್ಚರಿಕೆ. ಬಟ್ಟೆಯ ಮೇಲಿಂದಲೇ ನೆಕ್ಕುವ ನಾಯಿಗಳಿವೆ. ಅಂಗಿ ಒದ್ದೆಯಾಗಿ ಗಾಯಕ್ಕೆ ಅಂಟಿದ್ದರೆ ಅದು ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಉಚ್ಚೆ ಮಾಡಿಸುವ ಮುಂಚೆ ಹಿಂಭಾಗ ಮೇಲಕ್ಕೆ ಕಟ್ಟಬೇಕು, ಮರೆತರೆ ಒದ್ದೆಯಾಗುತ್ತದೆ, ಹಾಗಾಗಿ ಎರಡು ಜೊತೆ ಇರಲೇಬೇಕು. ಇನ್ನೊಂದು, ಮುಚ್ಚಿದ ಗಾಯವನ್ನು ನಾವೂ ನೋಡುವುದು ಮರೆಯುತ್ತೇವೆ. ಬೆಳಿಗ್ಗೆ, ಸಂಜೆ ಎತ್ತಿ ನೋಡಲೇಬೇಕು. ಗಂಡು ನಾಯಿಗೆ ಇದು ಅಷ್ಟು ಸರಿಹೋಗುವುದಿಲ್ಲ. ಅವಕ್ಕೆ ಗಾಯ ಸಾಮಾನ್ಯವಾಗಿ ಬೀಜದ ಚೀಲದ ಮುಂದೆಯೇ ಇರುತ್ತದೆ. ಅಲ್ಲಿಗೆ ಅಂಗಿ ತಲುಪಿದರೆ ಉಚ್ಚೆಗೆ ಒದ್ದೆ, ತಲುಪದಿದ್ದರೆ ನಾಲಿಗೆಗೆ ದಾರಿ.

ಮನೆಯಲ್ಲೇ ಮಾಡಿಕೊಳ್ಳುವುದು

ರಾತ್ರಿ ಹೊತ್ತು ಕೋನ್ ಸೀಳಿತು, ಅಂಗಡಿ ಮುಚ್ಚಿದೆ ಅನ್ನಿ. ಹಳೆಯ ಎಕ್ಸ್-ರೇ ಫಿಲ್ಮ್ ಇದ್ದರೆ ಸುತ್ತಿ ಸ್ಟೇಪಲ್ ಮಾಡಿ, ಪಿನ್ ಮತ್ತು ಎರಡೂ ಅಂಚುಗಳ ಮೇಲೆ ಅಗಲವಾದ ಪ್ಲಾಸ್ಟರ್ ಅಂಟಿಸಿ. ಸಣ್ಣ ನಾಯಿಗೆ ಚೆನ್ನಾಗಿ ನಡೆಯುತ್ತದೆ. ದೊಡ್ಡ ನಾಯಿಗೆ ಬಕೆಟ್ ತಳ ಕತ್ತರಿಸುವವರಿದ್ದಾರೆ. ಅಂಚು ಕತ್ತು ಕೊಯ್ಯದಂತೆ ಬಟ್ಟೆ ಸುತ್ತದಿದ್ದರೆ ಒಂದು ಗಾಯ ಹೋಗಿ ಎರಡಾಗುತ್ತದೆ. ಇದೆಲ್ಲ ಒಂದು ರಾತ್ರಿಗೆ ಮಾತ್ರ.

ಬಾಯಿಗೆ ಬುಟ್ಟಿ, ಅಂದರೆ ಮಝಲ್, ಕೋನ್‌ಗೆ ಬದಲಿಯಲ್ಲ. ಅದನ್ನು ದಿನವಿಡೀ ಹಾಕಿಡುವ ಹಾಗಿಲ್ಲ, ಉಗುರನ್ನು ಅದು ತಡೆಯುವುದೂ ಇಲ್ಲ. ಬೇವಿನೆಣ್ಣೆ, ಅರಿಶಿನ, ಖಾರ, ಕಹಿ ಸ್ಪ್ರೇ ಹಚ್ಚಿ ನೆಕ್ಕುವುದನ್ನು ತಪ್ಪಿಸುತ್ತೇನೆ ಎನ್ನುವವರಿಗೆ ಒಂದೇ ಮಾತು: ಹೊಲಿಗೆ ಹಾಕಿದ ಗಾಯದ ಮೇಲೆ ಡಾಕ್ಟರು ಹೇಳದ್ದನ್ನು ಏನೂ ಹಚ್ಚಬೇಡಿ.

ಹಾಗಾದರೆ ಯಾವ ಗಾಯಕ್ಕೆ ಯಾವುದು?

ಕಣ್ಣು, ಕಿವಿ, ಮುಖ: ಪ್ಲಾಸ್ಟಿಕ್ ಕೋನ್ ಮಾತ್ರ. ಇಲ್ಲಿ ಶತ್ರು ನಾಲಿಗೆಯಲ್ಲ, ಹಿಂಗಾಲಿನ ಉಗುರು. ಪಗ್, ಶಿಟ್ಜು ತರಹದ ಉಬ್ಬುಗಣ್ಣಿನ ನಾಯಿಗಳಿಗೆ ಕಣ್ಣಿನ ಹುಣ್ಣು ಜಾಸ್ತಿ, ಒಂದೇ ಒಂದು ಕೆರೆತಕ್ಕೆ ಕಣ್ಣೇ ಹೋಗಬಹುದು.

ಪಾದ, ಮೊಣಕಾಲು, ಬಾಲ: ಪ್ಲಾಸ್ಟಿಕ್ ಕೋನ್, ಅದೂ ಉದ್ದನೆಯದು. ಗಾಯ ಮೈಯಿಂದ ದೂರ ಹೋದಷ್ಟೂ ಕೋನ್ ಉದ್ದವಾಗಬೇಕು.

ಹೆಣ್ಣು ನಾಯಿಯ ಹೊಟ್ಟೆ: ಹಗಲು ಅಂಗಿ, ರಾತ್ರಿ ಅಂಗಿಯ ಮೇಲೆ ಕೋನ್. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೂ ಇದೇ ಜೋಡಿ. ಗಂಡು ನಾಯಿಗೆ ಕೋನ್.

ಬೆನ್ನು, ಎದೆಯ ಸಣ್ಣ ಗಾಯ: ಅಂಗಿ ಅಥವಾ ಉಂಗುರ ಹಾಕಿ ನೋಡಬಹುದು.

ಏನೇ ಕೊಂಡರೂ ಆಸ್ಪತ್ರೆ ಅಥವಾ ಅಂಗಡಿ ಬಿಡುವ ಮುಂಚೆ ಹಾಕಿ ನೋಡಿ. ಕೋನ್‌ನ ಅಂಚು ಮೂತಿಯ ತುದಿಗಿಂತ ಎರಡು ಬೆರಳಿನಷ್ಟಾದರೂ ಮುಂದಿರಬೇಕು. ಕತ್ತಿನ ಹತ್ತಿರ ಎರಡು ಬೆರಳು ಸಲೀಸಾಗಿ ತೂರಬೇಕು, ಮೂರನೆಯದು ತೂರಬಾರದು. ಆಮೇಲೆ ಒಂದು ಬಿಸ್ಕತ್ತನ್ನು ಗಾಯದ ಹತ್ತಿರ ಹಿಡಿಯಿರಿ. ನಾಯಿಯ ಬಾಯಿ ಅಲ್ಲಿಗೆ ತಲುಪಿದರೆ ಬೇರೆ ಅಳತೆ ಕೇಳಿ. ಹೊಲಿಗೆಯ ಮೇಲೆ ಒತ್ತಡ ಬೀಳುವಷ್ಟು ತಿರುಗಿಸಬೇಡಿ, ಸುಮ್ನೆ ಆ ಕಡೆ ಹಿಡಿದರೆ ಸಾಕು, ಗೊತ್ತಾಗುತ್ತದೆ.

ಅಳತೆಯ ಕಷ್ಟ ಮುಧೋಳ ನಾಯಿ ಸಾಕಿದವರನ್ನು ಕೇಳಿ. ಬಾಗಲಕೋಟೆ ಕಡೆಯ ಈ ಬೇಟೆನಾಯಿಯ ಕತ್ತು ಉದ್ದ, ತಲೆ ಕಿರಿದು, ಮೂತಿ ಇನ್ನೂ ಉದ್ದ. ಕತ್ತಿಗೆ ಸರಿಯಾದ ಕೋನ್ ಮೂತಿಗೆ ಗಿಡ್ಡವಾಗುತ್ತದೆ. ಮೂತಿಗೆ ಸರಿಯಾದದ್ದು ತಲೆಯಿಂದ ಜಾರಿ ಕೆಳಗೆ ಬೀಳುತ್ತದೆ. ಇಂಥ ನಾಯಿಗೆ ದೊಡ್ಡ ಅಳತೆಯದನ್ನೇ ತೆಗೆದುಕೊಂಡು, ಕುಣಿಕೆಗಳಿಂದ ಬ್ಯಾಂಡೇಜ್ ಬಟ್ಟೆ ಎಳೆದು, ಮುಂಗಾಲಿನ ಹಿಂದೆ ಎದೆ ಸುತ್ತಿ ಕಟ್ಟುವ ಪದ್ಧತಿ ಇದೆ. ಕಟ್ಟುವುದನ್ನು ಒಮ್ಮೆ ಡಾಕ್ಟರ ಹತ್ತಿರವೇ ತೋರಿಸಿಕೊಳ್ಳಿ.

ಒಗ್ಗಿಸುವುದು ಹೇಗೆ

ಆಪರೇಷನ್ ದಿನ ಮೊದಲೇ ಗೊತ್ತಿದ್ದರೆ ಕೋನ್ ಅನ್ನು ಒಂದು ವಾರ ಮುಂಚೆ ತಂದಿಡಿ. ನೆಲದ ಮೇಲೆ ಬಿದ್ದಿರಲಿ, ಮೂಸಲಿ. ಆಮೇಲೆ ಎರಡು ಕೈಯಲ್ಲಿ ಹಿಡಿದು, ಕತ್ತಿನ ತೂತಿನ ಆಚೆಯಿಂದ ಬೇಯಿಸಿದ ಕೋಳಿ ಚೂರು ತೋರಿಸಿ. ಸಸ್ಯಾಹಾರಿ ಮನೆಯಾದರೆ ಪನೀರ್, ಇಲ್ಲವೇ ಬೆರಳಲ್ಲಿ ಗಟ್ಟಿ ಮೊಸರು. ನೀವು ಕೋನ್ ಅನ್ನು ತಲೆಗೆ ತರಬೇಡಿ, ತಲೆ ಕೋನ್‌ಗೆ ಬರಲಿ. ಮೂತಿ ತೂರಿಸಿತೋ, ಒಂದು ಚೂರು. ಕಿವಿಯವರೆಗೆ ಬಂತೋ, ಇನ್ನೊಂದು. ಹಿಂದಕ್ಕೆ ಎಳೆದುಕೊಂಡರೆ ಬಿಟ್ಟುಬಿಡಿ. ದಿನಕ್ಕೆ ಎರಡು ಮೂರು ಸಲ, ಒಂದೆರಡು ನಿಮಿಷ ಸಾಕು. ನಾಲ್ಕೈದು ದಿನದಲ್ಲಿ ಕೋನ್ ತೆಗೆದ ಸದ್ದಿಗೇ ಓಡಿ ಬರುವ ನಾಯಿಗಳಿವೆ.

ಮೊದಲೇ ಕಲಿಸುವ ಅವಕಾಶ ಎಲ್ಲರಿಗೂ ಎಲ್ಲಿರುತ್ತದೆ? ಬೈಕ್ ತಗುಲಿ ಕಾಲು ಮುರಿದ ನಾಯಿಯನ್ನು ಎತ್ತಿಕೊಂಡು ಹೋದವರು ಕೋನ್ ಸಮೇತವೇ ಮನೆಗೆ ಬರುತ್ತಾರೆ. ಆಗ ಮೊದಲ ರಾತ್ರಿ ಕೆಟ್ಟದಾಗಿರುತ್ತದೆ ಎಂದು ತಿಳಿದೇ ಸಿದ್ಧರಾಗಿ. ಅರಿವಳಿಕೆ ಇಳಿಯುತ್ತಿರುವಾಗ ನಾಯಿ ತೂರಾಡುತ್ತದೆ, ಕುಂಯ್ಗುಡುತ್ತದೆ. ಅದಕ್ಕೆ ಕೋನ್ ಒಂದೇ ಕಾರಣವಲ್ಲ. ಹಾಸಿಗೆಯ ಪಕ್ಕ ನೆಲದ ಮೇಲೆ ಚಾಪೆ ಹಾಕಿಕೊಂಡು ನೀವೂ ಅಲ್ಲೇ ಮಲಗಿದರೆ ಅರ್ಧ ಗಲಾಟೆ ಕಡಿಮೆ.

ಮರುದಿನದ ಸಮಸ್ಯೆ ಬೇರೆ. ನಾಯಿ ನಿಂತಲ್ಲೇ ನಿಂತುಬಿಡುತ್ತದೆ. ನಮ್ಮ ರಾಣಿ ಹಿತ್ತಲ ಬಾಗಿಲ ಹೊಸ್ತಿಲ ಮುಂದೆ ಹೀಗೆ ಗರಬಡಿದು ನಿಂತಿದ್ದಳು. ಹತ್ತಿರ ಕೂತು ನೋಡಿದಾಗ ಕಾರಣ ಕಾಣಿಸಿತು. ಅವಳು ಎಂದಿನಂತೆ ತಲೆ ತಗ್ಗಿಸಿ ಮೂಸುತ್ತ ಬರುತ್ತಾಳೆ, ಕೋನ್‌ನ ಕೆಳಗಿನ ಅಂಚು ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತದೆ, ಕತ್ತಿಗೆ ಹಿಂದಿನಿಂದ ಒತ್ತು ಬೀಳುತ್ತದೆ. ಯಾರೋ ಹಿಡಿದುಕೊಂಡರು ಅಂದುಕೊಂಡು ನಿಲ್ಲುತ್ತಾಳೆ. ಗದ್ದದ ಕೆಳಗೆ ಎರಡು ಬೆರಳಿಟ್ಟು ತಲೆಯನ್ನು ಒಂದಂಗುಲ ಎತ್ತಿದರೆ ಸಾಕು, ದಾಟಿದಳು. ಮೆಟ್ಟಿಲಲ್ಲೂ ಅದೇ ಉಪಾಯ. ಮೂಗಿನ ಮೇಲ್ಭಾಗದಲ್ಲಿ ತಿಂಡಿ ಹಿಡಿದು ನಡೆಸಿದರೆ ತಲೆ ಎತ್ತಿ ನಡೆಯುವುದನ್ನು ನಾಯಿಗಳು ಬೇಗ ಕಲಿಯುತ್ತವೆ. ಬೈದು ಎಳೆದರೆ ಮಾತ್ರ ಕೆಲಸ ಕೆಡುತ್ತದೆ.

ಊಟದ ವಿಷಯಕ್ಕೆ ಬರೋಣ. ಹೆಚ್ಚಿನವರು ಕೋನ್ ತೆಗೆಯುವುದೇ ಇಲ್ಲಿ. ತಟ್ಟೆ ಕೋನ್‌ಗಿಂತ ಅಗಲವಾಗಿದ್ದರೆ ಅಂಚು ತಟ್ಟೆಗೆ ತಗುಲಿ ಬಾಯಿ ಅನ್ನ ಮುಟ್ಟುವುದಿಲ್ಲ. ಕೋನ್ ಒಳಗೆ ಹಿಡಿಸುವಷ್ಟು ಚಿಕ್ಕ ಬಟ್ಟಲು ತಗೊಳ್ಳಿ, ಅದನ್ನು ಮಣೆಯ ಮೇಲೋ ಬೋರಲು ಹಾಕಿದ ಪಾತ್ರೆಯ ಮೇಲೋ ಇಡಿ. ಕೋನ್ ಬಟ್ಟಲನ್ನು ಮುಚ್ಚಿಕೊಂಡು ಕೂರುತ್ತದೆ, ನಾಯಿ ಒಳಗೆ ಆರಾಮವಾಗಿ ತಿನ್ನುತ್ತದೆ. ನೀರಿನ ಬಟ್ಟಲು ಸದಾ ಅಂಚಿನ ತನಕ ತುಂಬಿರಲಿ. ಮೊದಲ ಎರಡು ಹೊತ್ತು ಕೈತುತ್ತು ಕೊಟ್ಟರೂ ತಪ್ಪಿಲ್ಲ. ತಿಂದಾದ ಮೇಲೆ ಕೋನ್ ಒಳಗೆ ಒದ್ದೆ ಬಟ್ಟೆಯಿಂದ ಒರೆಸಲೇಬೇಕು. ಅನ್ನ, ಮೊಸರು ಅಂಟಿಕೊಂಡಿದ್ದರೆ ರಾತ್ರಿ ಇರುವೆ ಬರುತ್ತವೆ. ಕೋನ್ ಹಾಕಿದ ನಾಯಿಗೆ ಮುಖದ ಇರುವೆ ಕೊಡವಿಕೊಳ್ಳಲೂ ಆಗುವುದಿಲ್ಲ, ಪಾಪ.

ಕೆರೆದುಕೊಳ್ಳಲಾಗದ್ದೇ ಅದಕ್ಕೆ ದೊಡ್ಡ ಸಂಕಟ. ದಿನಕ್ಕೆ ಮೂರು ನಾಲ್ಕು ಸಲ ಕಿವಿಯ ಹಿಂದೆ, ಗದ್ದದ ಕೆಳಗೆ, ಕತ್ತಿನ ಸುತ್ತ ನೀವೇ ಕೆರೆಯಿರಿ. ಹಾಗೇ ಕೋನ್ ಅಂಚು ಉಜ್ಜಿ ಚರ್ಮ ಕೆಂಪಾಗಿದೆಯಾ ನೋಡಿ, ಉಣ್ಣೆ ಹುಳ ಇದ್ದರೆ ಕಿತ್ತುಹಾಕಿ. ಹಿಂದಿನಿಂದ ಬಂದು ಮುಟ್ಟಬೇಡಿ. ಪಕ್ಕದ್ದು ಕಾಣದ ನಾಯಿ ಬೆಚ್ಚಿ ತಿರುಗಿದಾಗ ಹಲ್ಲು ತಾಗಬಹುದು. ಮನೆ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಇಬ್ಬರನ್ನೂ ಬೇರೆ ಬೇರೆ ಇಡಿ. ಇವಳಿಗೆ ಕೋನ್ ಇದ್ದರೂ ಗಾಯ ನೆಕ್ಕಿಕೊಡಲು ಅವನು ತಯಾರಿರುತ್ತಾನೆ.

ಟೀಪಾಯಿ, ಹೂಕುಂಡ, ದೇವರ ಮುಂದಿನ ದೀಪ ದಾರಿಯಿಂದ ಎತ್ತಿಡಿ. ವಾಕಿಂಗ್ ಚಿಕ್ಕದಿರಲಿ, ಹಗ್ಗ ಗಿಡ್ಡ ಹಿಡಿಯಿರಿ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಬಿಸಿಲಿಗೆ ಕೋನ್ ಹಾಕಿದ ನಾಯಿಯನ್ನು ಬೆಳಗಿನ ಜಾವ, ಕತ್ತಲಾದ ಮೇಲೆ ಬಿಟ್ಟು ಹೊರಗೆ ಒಯ್ಯಬೇಡಿ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ತೇಕಿ, ಕೋನ್ ಒಳಗೆ ಗಾಳಿ ಆಡುವುದು ಕಡಿಮೆ. ಮಲಗುವ ಜಾಗಕ್ಕೆ ಫ್ಯಾನ್ ಗಾಳಿ ಬರಲಿ.

ಕೋನ್ ತೆಗೆಯಬಹುದೇ? ಪೂರ್ತಿ ಅದರ ಮೇಲೇ ಕಣ್ಣಿಟ್ಟು ಕೂರುವುದಾದರೆ ಊಟದ ಹೊತ್ತಿಗೆ ತೆಗೆಯಬಹುದು. ಕೈಯಲ್ಲಿ ಫೋನ್ ಇದ್ದರೆ ಬೇಡ.

ಬೀದಿ ನಾಯಿಗಳಿಗೆ ಕೋನ್ ಹಾಕುವುದಿಲ್ಲವಲ್ಲ?

ಈ ಪ್ರಶ್ನೆ ನ್ಯಾಯವಾದದ್ದೇ. ಸಂತಾನ ನಿಯಂತ್ರಣ ಕಾರ್ಯಕ್ರಮದಲ್ಲಿ ಹಿಡಿದು, ಆಪರೇಷನ್ ಮಾಡಿ, ಕಿವಿ ತುದಿ ಕತ್ತರಿಸಿ ಗುರುತು ಮಾಡಿ ಬಿಡುವ ನಾಯಿಗಳು ಕೋನ್ ಇಲ್ಲದೇ ಓಡಾಡುತ್ತವೆ. ಅಲ್ಲಿ ಗಾಯ ಆದಷ್ಟು ಚಿಕ್ಕದಾಗಿರುವಂತೆ ನೋಡಿಕೊಳ್ಳುತ್ತಾರೆ, ಬಿಚ್ಚುವ ಅಗತ್ಯವಿಲ್ಲದ, ತಾನಾಗೇ ಕರಗುವ ದಾರದಲ್ಲಿ ಹೊಲಿಯುತ್ತಾರೆ, ಬಿಡುವ ಮುಂಚೆ ಕೆಲವು ದಿನ ಗೂಡಿನಲ್ಲಿಟ್ಟು ನೋಡುತ್ತಾರೆ. ಬೀದಿಯಲ್ಲಿ ಕೋನ್ ಹಾಕಿ ಬಿಟ್ಟರೆ ಬೇರೆ ನಾಯಿಗಳಿಂದ, ಗಾಡಿಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಲ್ಲಿ ಕೋನ್ ಇಲ್ಲದಿರುವುದು ಅನಿವಾರ್ಯ, ಮನೆಯಲ್ಲಿ ಆ ಕಾರಣ ಇಲ್ಲ, ಹಾಕಬಹುದು. ಅಂದ ಹಾಗೆ ನಿಮ್ಮ ನಾಯಿಗೂ ಕರಗುವ ದಾರ ಹಾಕಿದ್ದರೆ ಕೋನ್ ಬೇಡ ಎಂದಲ್ಲ. ಚರ್ಮ ಕೂಡಲು ಆಗಲೂ ಅಷ್ಟೇ ದಿನ ಬೇಕು.

ಡಾಕ್ಟರಿಗೆ ಫೋನ್ ಮಾಡುವ ಹೊತ್ತು

ಒಂದು ದಿನ ಪೂರ್ತಿ ತಿನ್ನದಿದ್ದರೆ, ನೀರು ಮುಟ್ಟದಿದ್ದರೆ, ಉಚ್ಚೆ ಮಾಡದಿದ್ದರೆ. ಗಾಯ ದಿನದಿಂದ ದಿನಕ್ಕೆ ಜಾಸ್ತಿ ಕೆಂಪಾಗಿ ಬಾತರೆ, ಕೀವು ಅಥವಾ ವಾಸನೆ ಬಂದರೆ, ಹೊಲಿಗೆಯ ನಡುವೆ ಸಂದು ಕಂಡರೆ. ಹೊಟ್ಟೆಯ ಗಾಯ ಬಿಚ್ಚಿ ಒಳಗಿನದು ಹೊರಗೆ ಕಂಡರೆ ಫೋನ್ ಮಾಡುತ್ತ ಕೂರಬೇಡಿ. ಸ್ವಚ್ಛವಾದ ಒದ್ದೆ ಬಟ್ಟೆ ಮುಚ್ಚಿ ನೇರ ಆಸ್ಪತ್ರೆಗೆ ಓಡಿ.

ಕೋನ್ ಹಾಕಿದ್ದಕ್ಕೆ ನಾಯಿ ಗೋಡೆಗೆ ಬಡಿದುಕೊಳ್ಳುತ್ತಲೇ ಇದ್ದರೆ, ಎರಡು ಮೂರು ದಿನವಾದರೂ ನಿದ್ದೆ ಬರದಿದ್ದರೆ ಅದನ್ನೂ ಹೇಳಿ. ಕೆಲವೊಮ್ಮೆ ನೋವಿನ ಔಷಧಿ ಸಾಲದೆ ಹೀಗಾಗುತ್ತದೆ, ಕೆಲವೊಮ್ಮೆ ಗಾಬರಿ ಇಳಿಸುವ ಮಾತ್ರೆ ಬೇಕಾಗುತ್ತದೆ. ಅದನ್ನು ಅವರೇ ಕೊಡಲಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗಬಹುದು.

ಹೊಲಿಗೆ ಬಿಚ್ಚಿಸಿದ ದಿನವೇ ಕೋನ್ ಎತ್ತಿಡುವ ಅವಸರ ಬೇಡ. ದಾರ ತೆಗೆದ ಸಣ್ಣ ತೂತುಗಳು ಒಂದೆರಡು ದಿನ ನವೆಯುತ್ತವೆ. ಆ ರಾತ್ರಿ ಮತ್ತು ಮರುದಿನ ರಾತ್ರಿ ಹಾಕಿ ಮಲಗಿಸಿ. ಆಮೇಲೆ ಸೋಪಿನಲ್ಲಿ ತೊಳೆದು, ಒಣಗಿಸಿ, ಚಪ್ಪಟೆ ಮಾಡಿ ಬೀರುವಿನ ಹಿಂದೆ ನಿಲ್ಲಿಸಿ. ಬೀದಿಯಲ್ಲಿ ಇನ್ಯಾರದ್ದೋ ನಾಯಿಗೆ ಬೇಕಾಗುತ್ತದೆ, ಅಳತೆ ಮಾತ್ರ ಹೇಳಿ ಕೊಡಿ.